ಕೈ ಬಿಟ್ಟೆ ಎಂಬ ಮಾತು

ಅಬುಧಾಬಿ
9 ಮಾರ್ಚ್ 2013

ಪ್ರೀತಿಯ ಅಬ್ಬಾ,

ಅಸ್ಸಲಾಮು ಅಲೈಕುಂ. ಫೋನ್ ಮಾಡಿದರೆ ನಾನು ಊಟ, ನೆಗಡಿ, ಸೆಕೆ ಬಿಟ್ಟು ಬೇರೇನೂ ಮಾತಾಡುವುದಿಲ್ಲ ಎಂದು ಅಮ್ಮನ ಹತ್ತಿರ ದೂರಿದಿರಂತೆ. ಏನು ಮಾಡಲಿ, ಕೆಲಸದ ಮಾತು ಫೋನಿನಲ್ಲಿ ಆಡಬಾರದೆಂದು ನಮ್ಮ ಮೇಡಂ ಕಟ್ಟಪ್ಪಣೆ ಮಾಡಿದ್ದಾರೆ. ಅದಕ್ಕೇ ಭಟ್ಕಳಕ್ಕೆ ಹೊರಟ ಸಕೀನ ಖಾಲಾ ಕೈಯಲ್ಲಿ ಈ ಕಾಗದ. ಕನ್ನಡದಲ್ಲಿ ಬರೆದದ್ದಕ್ಕೆ ನಗಬೇಡಿ. ಉರ್ದುವಿನಲ್ಲಿ ಬರೆದರೆ ಇಲ್ಲಿ ಅರ್ಧ ಬೀದಿ ಓದುತ್ತದೆ, ಅಲ್ಲಿ ಅಮ್ಮ ಓದುತ್ತಾರೆ. ಈ ಜಿಲೇಬಿ ಅಕ್ಷರ ನಮ್ಮಿಬ್ಬರಿಗೇ ಇರಲಿ.

ಮೇಡಂ ಹೆಸರು ಮೊರಾಗ್ ಸಿಂಕ್ಲೇರ್. ವಯಸ್ಸು ಅರವತ್ತಾರು. ವಕೀಲರು, ಪುಸ್ತಕ ಬರೆಯುವವರು. "ಇಂಗ್ಲಿಷಿನವರಾ?" ಎಂದು ನಿಮ್ಮ ಅಳಿಯ ನಬೀಲ್ ಕೇಳಿಬಿಟ್ಟರು. "ಸ್ಕಾಟ್ಲೆಂಡ್!" ಎಂದು ಶುರುವಾದ ಪಾಠ ಚಹಾ ಆರಿದರೂ ಮುಗಿಯಲಿಲ್ಲ. ಅವರದು ಸಮುದ್ರದಂಚಿನ ಮೀನಿನ ಊರು, ಅಪ್ಪ ಉಪ್ಪುಮೀನು ತುಂಬುವ ಪೀಪಾಯಿ ಮಾಡುತ್ತಿದ್ದರಂತೆ. ನಮ್ಮ ಒಣಮೀನಿನ ವಿಷಯ ಹೇಳಿದೆ. "ಹಾಗಾದರೆ ನಾವಿಬ್ಬರೂ ಒಂದೇ ವಾಸನೆಯವರು" ಎಂದರು. ಅವತ್ತೇ ಕೆಲಸ ಕೊಟ್ಟರು.

ಅವರ ಮೂಗು ಎಡಕ್ಕೆ ತಿರುಗಿದೆ, ಬಲ ಮೊಣಕಾಲು ಮಡಚುವುದಿಲ್ಲ. ಎಂಬತ್ನಾಲ್ಕನೇ ಇಸವಿಯಲ್ಲಿ ಅವರ ದೇಶದ ಕಲ್ಲಿದ್ದಲು ಗಣಿಯವರು ಮುಷ್ಕರ ಹೂಡಿದಾಗ, ಯಾರನ್ನು ಹಿಡಿದೊಯ್ಯುತ್ತಿದ್ದಾರೆಂದು ಹೆಸರು ಬರೆದುಕೊಳ್ಳಲು ಗುಂಪಿನ ನಡುವೆ ನಿಂತಿದ್ದರಂತೆ. ಲಾಠಿ ಮೂಗಿಗೆ ಬಿತ್ತು, ಪೊಲೀಸರ ಕುದುರೆ ಕಾಲ ಮೇಲೆ ಹತ್ತಿತು. "ಹೆಸರು ಬರೆದ ಪುಸ್ತಕ ಮಾತ್ರ ಕೈಯಲ್ಲೇ ಇತ್ತು" ಎಂದು ಹೇಳಿ ಈಗಲೂ ನಗುತ್ತಾರೆ. ನಾಲ್ಕು ವರ್ಷದ ಹಿಂದೆ ಅಲ್ ಐನ್‌ಗೆ ಕಾನೂನು ಕಲಿಸಲು ಬಂದರು. ಒಂದು ಲೇಖನ ಬರೆದರು, ಪಾಠ ಹೇಳುವ ಕೆಲಸ ಹೋಯಿತು. ಈಗ ಹಮ್ದಾನ್ ಸ್ಟ್ರೀಟಿನಲ್ಲಿ ಟೈಲರ್ ಅಂಗಡಿಯ ಮೇಲೆ ಎರಡು ಕೋಣೆಯ ಆಫೀಸು. ಇಲ್ಲಿನ ಕೋರ್ಟಿನಲ್ಲಿ ಬಾಯಿ ತೆರೆಯುವ ಅಧಿಕಾರ ಅವರಿಗಿಲ್ಲ. ಅವರು ಬರೆದುಕೊಡುತ್ತಾರೆ, ಎಮಿರಾತಿ ವಕೀಲರೊಬ್ಬರು ವಾದಿಸುತ್ತಾರೆ.

ಸಿಕ್ಕಿಬಿದ್ದವರನ್ನು "ನೀನು ಮಾಡಿದೆಯಾ?" ಎಂದು ಅವರು ಕೇಳುವುದೇ ಇಲ್ಲ. "ಆ ದಿನ ನಿನ್ನ ಬಾಯಿಂದ ಬಂದ ಮಾತು ಯಾವುದು? ನಿನ್ನ ಮನೆಯ ಭಾಷೆಯಲ್ಲಿ ಹೇಳು" ಎನ್ನುತ್ತಾರೆ. ಅದನ್ನು ಅದೇ ಲಿಪಿಯಲ್ಲಿ ಬರೆಸಿ, ಆಮೇಲೆ ಭಾಷಾಂತರ. ಅದಕ್ಕೇ ನಾನು ಬೇಕಾದದ್ದು.

ಮೊನ್ನೆ ಜೈಲಿಗೆ ಹೋಗಿದ್ದೆವು. ಅಡಿವೆಪ್ಪ ಅಂತ, ಬಾಗಲಕೋಟೆ ಕಡೆಯವನು, ಕಟ್ಟಡದ ಕೆಲಸದಲ್ಲಿ ಕಾಂಕ್ರೀಟಿಗೆ ಪ್ಲೈವುಡ್ ಅಚ್ಚು ಕಟ್ಟುವ ಶಟರಿಂಗ್ ಬಡಗಿ. ಹೋದ ವರ್ಷ ಅವನ ಫೋರ್‌ಮನ್ ಕಜೆತಾನ್ ಎಂಬುವರು ಕಟ್ಟಡದಿಂದ ಬಿದ್ದು ಸತ್ತರು. ಹೊಡೆದು ತಳ್ಳಿದೆ ಎಂದು ಅಡಿವೆಪ್ಪ ಒಪ್ಪಿಕೊಂಡ ಕಾಗದವಿದೆ. ಅದರ ಮೇಲೆ ಗುಂಡಿಕ್ಕಿ ಕೊಲ್ಲುವ ಶಿಕ್ಷೆಯಾಗಿದೆ. ಅಪೀಲು ಬಾಕಿ. ಕಜೆತಾನ್ ಅವರ ಹೆಂಡತಿ ಎಮಿಲಿಯಾ ಕ್ಷಮೆ ಕೊಟ್ಟರೆ ಇಲ್ಲಿನ ಕಾನೂನಿನಂತೆ ಜೀವ ಉಳಿಯುತ್ತದೆ. "ನನ್ನ ಗಂಡನ ಮೇಲೆ ಕೈ ಮಾಡಿದವನಿಗೆ ಇಲ್ಲ" ಎಂದು ಉಡುಪಿಯಿಂದ ಬರೆದು ಕಳಿಸಿದ್ದಾರೆ.

ಗಾಜಿನ ಆಚೆ ಅವನು ಕೂತಿದ್ದ. ಮುಂದಿನ ಹಲ್ಲು ನಾಲ್ಕಿಲ್ಲ. ಬಲಗೈಯ ಎರಡು ಉಗುರು ಬೆಳೆದೇ ಇಲ್ಲ. ನಾನು ಕನ್ನಡದಲ್ಲಿ ಕೇಳಿದ ಕೂಡಲೇ ಅವನು ಗಾಜಿಗೆ ಹಣೆ ಒತ್ತಿದ.

"ಕನ್ನಡದಾಗ ಮಾತಾಡಬೌದೇನ್ರಿ ಯಕ್ಕಾ? ಯಾರೂ ಹೊಡಿಯಂಗಿಲ್ಲ?"

ಇಲ್ಲ ಎಂದೆ.

"ಕೈ ಬಿಟ್ಟೆ ಅಂದೆನ್ರಿ. ಅಷ್ಟ. ಅವ್ರು ಜ್ವಾತಾಡಾಕತ್ತಿದ್ರು, ನಾ ಹಿಡದಿದ್ದೆ, ಬೆವರಿಗೆ ಜಾರ್ತು, ಕೈ ಬಿಟ್ಟೆ."

ಅರಬ್ಬಿ ಕಾಗದದಲ್ಲಿ "ನಾನು ಅವನಿಗೆ ಹೊಡೆದೆ" ಎಂದಿದೆ. ದುಭಾಷಿಯ ಸಹಿ ಜೆರಾಕ್ಸಿನಲ್ಲಿ ಮಸುಕಾಗಿದೆ. ಮೂಲ ಪ್ರತಿ ಕೇಳಿದ್ದೇವೆ. ನೀವು ಇದೇ ಊರಿನಲ್ಲಿ ಎಷ್ಟೋ ವರ್ಷ ಠಾಣೆಗಳಿಗೆ ಹೋಗಿ ದುಭಾಷಿಯ ಕೆಲಸ ಮಾಡಿದವರು. ಅಂಥ ಕೋಣೆಯಲ್ಲಿ ಮಾತು ಹೇಗೆ ಹೀಗೆ ತಿರುಗುತ್ತದೆ, ಸ್ವಲ್ಪ ತಿಳಿಸಿ ಬರೆಯಿರಿ.

ನಿಮ್ಮ
ಶಾಝಿಯಾ

•

ಭಟ್ಕಳ
24 ಮಾರ್ಚ್ 2013

ಮುದ್ದಿನ ಮಗಳು ಶಾಝಿಗೆ ಅಬ್ಬಾನ ಸಲಾಂ.

ಸಕೀನ ಕಾಗದ ಕೊಟ್ಟಳು. ಲಕೋಟೆಯ ಅಂಟು ಎಬ್ಬಿಸಲು ನೋಡಿದ್ದಾಳೆ ಪಾಪ, ಒಳಗೆ ಕನ್ನಡ ಕಂಡು ಅವಳ ಮುಖ ಸಪ್ಪಗಾಗಿರಬೇಕು. ನಿನ್ನ ಅಮ್ಮ "ಏನಂತೆ, ಏನಂತೆ" ಎಂದು ಹಿಂದೆಯೇ ಸುತ್ತಿದಳು. "ಅಳಿಯನಿಗೆ ಬೊಜ್ಜು ಬಂದಿದೆಯಂತೆ" ಎಂದೆ. ತೃಪ್ತಿಯಾಯಿತು.

ನೀನು ಕೇಳಿದ್ದು ಹೇಳುತ್ತೇನೆ, ಕೇಳು. ಎಲೆಕ್ಟ್ರಾ ಸ್ಟ್ರೀಟಿನ ನಮ್ಮ ಟೈಪಿಂಗ್ ಸೆಂಟರಿನಲ್ಲಿ ನಾನು ವೀಸಾ ಫಾರಂ ಕುಟ್ಟುತ್ತ ಕೂತಿರುತ್ತಿದ್ದೆ. ಬಾಗಿಲಲ್ಲಿ ಒಬ್ಬ ಪೊಲೀಸ್ ನಿಂತು "ಹಿಂದಿ ಬರುವವನು ಯಾರು? ಯಲ್ಲಾ, ನಡಿ!" ಎನ್ನುತ್ತಿದ್ದ. ಕೇರಳದ ಮಲಬಾರಿಗಳು ಕೂಡಲೇ ಮೂತ್ರಕ್ಕೆ ಎದ್ದು ಹೋಗುತ್ತಿದ್ದರು. ನಾನು ದಡ್ಡ, ಕೂತೇ ಇರುತ್ತಿದ್ದೆ. ಹೀಗೆ ನಾನು ದುಭಾಷಿಯಾದೆ. ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ. ಒಂದು ಸಲ ಹೈದರಾಬಾದಿನವನೊಬ್ಬ "ಮೈ ಉಸ್ಕೊ ಖಾಯಾ ನೈ" ಎಂದದ್ದನ್ನು ತಿಂದಿಲ್ಲವೆಂದು ಬರೆಯಲೋ ಮೋಸ ಮಾಡಿಲ್ಲವೆಂದು ಬರೆಯಲೋ ತಿಳಿಯದೆ, ಎರಡನ್ನೂ ಬರೆದೆ. ಅಧಿಕಾರಿ "ಮನುಷ್ಯರನ್ನು ತಿನ್ನುವವನೇ ಇವನು?" ಎಂದು ಗಾಬರಿಯಾಗಿದ್ದ.

ನಿನ್ನ ಬಡಗಿಯ ವಿಷಯವೂ ಇಂಥದ್ದೇ ಆಗಿರಬೇಕು. ಅವನಿಗೆ ಹರಕು ಹಿಂದಿ. ಕೈ ಬಿಟ್ಟೆ ಎಂಬುದನ್ನು "ಹಾಥ್ ಛೋಡ್ ದಿಯಾ" ಎಂದಿರುತ್ತಾನೆ. ಹಿಂದಿಯವರಿಗೆ ಅದು ಬೇರೆ ಮಾತು. ಒಬ್ಬರ ಮೇಲೆ ಕೈ ಬಿಡುವುದೆಂದರೆ ಬಾರಿಸುವುದು. ದುಭಾಷಿ ಹಿಂದಿ ಕೇಳಿದ, ಹಿಂದಿಯಂತೆ ಬರೆದ. ಹನ್ನೊಂದನೇ ಮಹಡಿಯ ತುದಿಯಲ್ಲಿ ಇಬ್ಬರು ಸರಳು ಹಿಡಿದು ಎಳೆದಾಡಿದ ಮೇಲೆ ಯಾರಾದರೂ ಹಾಗೇ ತಿಳಿಯುತ್ತಾರೆ. ಅದರಲ್ಲಿ ಯಾರ ತಪ್ಪೂ ಇಲ್ಲ. ಭಾಷೆ ಭಾಷೆಗೆ ಢಿಕ್ಕಿ ಹೊಡೆದಿದೆ ಅಷ್ಟೆ.

ನನ್ನ ಮಾತು ಕೇಳುವುದಾದರೆ ಆ ಕೆಲಸ ಬಿಡು. ನಿನ್ನ ಮೇಡಂಗೆ ಹಿಂತಿರುಗಲು ಒಂದು ದೇಶವಿದೆ, ಪಾಸ್‌ಪೋರ್ಟ್ ಗಟ್ಟಿಯಿದೆ. ನಿನ್ನ ಅಣ್ಣ ಹಮ್ಝ ದುಬೈನಲ್ಲಿ ಈಗ ತಾನೇ ಅಂಗಡಿ ಇಟ್ಟಿದ್ದಾನೆ. ಪೊಲೀಸರ ಬಾಯಲ್ಲಿ ನಮ್ಮ ಮನೆತನದ ಹೆಸರು ಬರುವುದು ಬೇಡ.

ನಿನ್ನ ಅಬ್ಬಾ
ಖಮರುದ್ದೀನ್

•

ಅಬುಧಾಬಿ
18 ಏಪ್ರಿಲ್ 2013

ಅಬ್ಬಾ,

ಎಷ್ಟನೇ ಮಹಡಿ ಎಂದು ನಾನು ಬರೆದಿರಲಿಲ್ಲ. ಸರಳಿನ ಮಾತೂ ಬರೆದಿರಲಿಲ್ಲ.

ಮೊದಲು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಯಾರೋ ಹೇಳಿರಬಹುದು, ಪೇಪರಿನಲ್ಲಿ ಬಂದಿರಬಹುದು. ಮಂಗಳವಾರ ಮೂಲ ಪ್ರತಿ ಬಂತು. ಕೊನೆಯ ಪುಟದ ಕೆಳಗೆ ನಿಮ್ಮ ಸಹಿ. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿನ ಹಿಂದೆ ಇರುವ ಅದೇ ಸಹಿ. ತಾರೀಕು 2012ರ ಜನವರಿ 29. ನೀವು ಕೆಲಸ ಬಿಟ್ಟು ಊರಿಗೆ ಹೊರಟದ್ದು ಅದೇ ವರ್ಷ ಮೇ ತಿಂಗಳಲ್ಲಿ. ಮೊಣಕಾಲು ನೋವು ಎಂದಿದ್ದಿರಿ.

ಮೇಡಂಗೆ ಇನ್ನೂ ಹೇಳಿಲ್ಲ. ಹೇಳಲು ಅವರು ಆಫೀಸಿನಲ್ಲಿಲ್ಲ. ಹೋದ ಗುರುವಾರ ಮಧ್ಯಾಹ್ನ ಅವರು ಮೆಟ್ಟಿಲಿಳಿಯುವಾಗ ಇಬ್ಬರು ಎದುರಾದರು. ಒಬ್ಬ ಅವರ ಚೀಲ ಎಳೆದ, ಅವರು ಬಿಡಲಿಲ್ಲ. ಇನ್ನೊಬ್ಬ ಅವರ ತಲೆಯನ್ನು ಕೂದಲು ಹಿಡಿದು ಗೋಡೆಗೆ ಬಡಿದ. ಒಂದಲ್ಲ, ಮೂರು ಸಲ. ನಾನು ಮೇಲಿನ ಮೆಟ್ಟಿಲಲ್ಲಿದ್ದೆ ಅಬ್ಬಾ. ತೆಂಗಿನಕಾಯಿ ಒಡೆದ ಸದ್ದು. ಬಲಗೈ ಮಣಿಕಟ್ಟಿನ ಮೇಲೆ ಬೂಟುಗಾಲಿನಿಂದ ತುಳಿದು, ಚೀಲ ತೆಗೆದುಕೊಂಡು, ಓಡಲೂ ಇಲ್ಲ, ನಡೆದುಕೊಂಡು ಹೋದರು. ಟೈಲರ್ ಶಟರ್ ಎಳೆದುಕೊಂಡ. ನಾನು ನನ್ನ ದುಪಟ್ಟಾದಿಂದ ಅವರ ತಲೆ ಕಟ್ಟಿದೆ. ರಕ್ತ ಕಣ್ಣಿಗಿಳಿಯುತ್ತಿದ್ದರೂ ಅವರು ಕೇಳಿದ್ದು ಒಂದೇ: "ಅಡಿವೆಪ್ಪನ ಕಡತ ಚೀಲದಲ್ಲಿತ್ತಾ?" ಇಲ್ಲ, ನನ್ನ ಮೇಜಿನಲ್ಲಿದೆ ಎಂದೆ. "ಹಾಗಾದರೆ ಅವರಿಗೆ ಸಿಕ್ಕಿದ್ದು ನನ್ನ ಸ್ಯಾಂಡ್‌ವಿಚ್" ಎಂದು ನಗಲು ಹೋಗಿ ವಾಂತಿ ಮಾಡಿಕೊಂಡರು.

ಆಸ್ಪತ್ರೆಯಲ್ಲಿ ಎಡಗೈಯಿಂದ ಬರೆಯುತ್ತಿದ್ದಾರೆ. ಕೋಳಿ ಕೆದರಿದ ಹಾಗಿದೆ ಅಕ್ಷರ.

ಅಪೀಲಿನ ವಿಚಾರಣೆ ಜೂನ್ 12ಕ್ಕೆ. ಆ ಕಾಗದ ಹಾಗೇ ನಿಂತರೆ ಅವನನ್ನು ಕೊಲ್ಲುತ್ತಾರೆ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಶಾಝಿಯಾ

•

ಭಟ್ಕಳ
10 ಮೇ 2013

ಮಗಳೇ,

ಎರಡು ಕಾಗದ ಬರೆದು ಹರಿದೆ. ಇದು ಮೂರನೆಯದು.

ಹೌದು, ನಾನೇ ಹೋಗಿದ್ದೆ. ನಿನಗೆ ಆಗ ಹೇಳಬೇಕಿತ್ತು. ಅಂಥ ಕೋಣೆಗಳಿಗೆ ನೂರು ಸಲ ಹೋಗಿದ್ದೇನೆ, ಎಲ್ಲ ನೆನಪಿರುವುದಿಲ್ಲ ಎಂದುಕೊಂಡು ಸುಮ್ಮನಾದೆ. ಆದದ್ದು ನಾನು ಹೋದ ಕಾಗದದಲ್ಲಿ ಬರೆದ ಹಾಗೆಯೇ. ಅವನು ಹಿಂದಿಯಲ್ಲಿ ಹೇಳಿದ, ನಾನು ಹಿಂದಿಯೆಂದು ತಿಳಿದೆ, ಮಾತು ಜಾರಿತು. ಇದರ ಜೊತೆ ನೋಟರಿಯ ಮುದ್ರೆ ಹಾಕಿಸಿ ಒಂದು ಅಫಿಡವಿಟ್ ಇಟ್ಟಿದ್ದೇನೆ. ಹಾಥ್ ಛೋಡ್ನಾ ಎಂಬುದಕ್ಕೆ ಎರಡು ಅರ್ಥವಿದೆ, ನಾನು ತಪ್ಪು ಅರ್ಥ ಹಿಡಿದೆ ಎಂದು ಅದರಲ್ಲಿದೆ. ನಿನ್ನ ಮೇಡಂಗೆ ಕೊಡು. ಅಷ್ಟು ಸಾಕಾಗುತ್ತದೆ.

ಬಾ ಎಂದು ಮಾತ್ರ ಕೇಳಬೇಡ. ಹಮ್ಝನಿಗೆ ಇಬ್ಬರು ಸಣ್ಣ ಮಕ್ಕಳು. ನನ್ನನ್ನು ಅಲ್ಲಿ ನಿಲ್ಲಿಸಿದರೆ ಅವನನ್ನು ಬಿಡುತ್ತಾರೆಯೇ? ನಿನ್ನ ಅಮ್ಮನಿಗೆ ಇದ್ಯಾವುದೂ ಗೊತ್ತಿಲ್ಲ. ನಿನ್ನೆ ನನಗಿಷ್ಟವೆಂದು ಬಿರಿಯಾನಿ ಮಾಡಿ ಎದುರು ಕೂತಳು. ಎರಡು ತುತ್ತಿಗೇ ಎದ್ದೆ. ಹಲ್ಲುನೋವೆಂದೆ.

ಮೇಡಂ ತಲೆ ಹೇಗಿದೆ? ನಮ್ಮ ಮನೆಯ ಹೆಂಗಸಿಗೆ ಹೊಡೆದಷ್ಟೇ ಸಂಕಟವಾಯಿತು ಓದಿ.

ಅಬ್ಬಾ

•

ಅಬುಧಾಬಿ
20 ಮೇ 2013

ಪ್ರೀತಿಯ ಅಬ್ಬಾ,

ಅಫಿಡವಿಟ್ ಮೇಡಂ ಕೈಗೆ ಕೊಟ್ಟೆ. ಇದು ನನ್ನ ತಂದೆಯದು ಎಂದೂ ಹೇಳಿದೆ. ಅವರ ತಲೆಯಲ್ಲಿ ಹದಿನಾಲ್ಕು ಹೊಲಿಗೆಯಿದೆ, ಅದರ ಮೇಲೊಂದು ಉಣ್ಣೆಯ ಟೋಪಿ, ಈ ಸೆಕೆಯಲ್ಲಿ. ನನ್ನನ್ನು ಬೈಯುತ್ತಾರೆಂದು ಕಾದೆ. ಕೆಟಲ್ ಹಾಕಿ ಚಹಾ ಮಾಡಿದರು.

ಆಮೇಲೆ ಅವರ ಯಾವ ಪುಸ್ತಕದಲ್ಲೂ ಇಲ್ಲದ್ದನ್ನು ಹೇಳಿದರು. ಅವರು ಹೊಸದಾಗಿ ವಕೀಲರಾದ ಮೊದಲ ಚಳಿಗಾಲ. ಹತ್ತೊಂಬತ್ತು ವರ್ಷದ ಹಡಗುಕಟ್ಟೆಯ ಕೂಲಿಯೊಬ್ಬ, ಅಂಗಡಿ ದರೋಡೆಯ ಆರೋಪ. ಅವನು ಅಂಗಿ ಎತ್ತಿ ತೋರಿಸಿದ. ಬೆನ್ನು ಕುತ್ತಿಗೆಯಿಂದ ಸೊಂಟದವರೆಗೆ ಕಪ್ಪಾಗಿತ್ತಂತೆ, ಮೂತ್ರದಲ್ಲಿ ರಕ್ತ. ಹಿರಿಯ ವಕೀಲರು "ಪೊಲೀಸರೆದುರು ಒಪ್ಪಿಕೊಂಡಿದ್ದಾನೆ, ಕೋರ್ಟಿನಲ್ಲೂ ಒಪ್ಪಿಸಿಬಿಡು, ಶಿಕ್ಷೆ ಕಡಿಮೆಯಾಗುತ್ತದೆ" ಎಂದರು. ಮೇಡಂ ಒಪ್ಪಿಸಿದರು. ಬೆನ್ನಿನ ಮಾತು ಕೋರ್ಟಿನಲ್ಲಿ ಎತ್ತಲೇ ಇಲ್ಲ. ಅವನು ಜೈಲಿನಲ್ಲಿ ಹಾಸಿಗೆಯ ಬಟ್ಟೆ ಹರಿದು ನೇಣು ಹಾಕಿಕೊಂಡ. ಆರು ತಿಂಗಳಿಗೆ ನಿಜವಾದ ಕಳ್ಳ ಸಿಕ್ಕಿದ. "ಆಮೇಲೆ ನಾನು ನಲವತ್ತು ವರ್ಷ ಮಾಡಿದ್ದೆಲ್ಲ ಆ ಒಂದು ಬೆಳಗ್ಗೆ ಮುಚ್ಚಿದ ಬಾಯಿಗೆ ಪ್ರಾಯಶ್ಚಿತ್ತ" ಎಂದರು. ಅವರು ಅಳಲಿಲ್ಲ. ನಾನೇ ಅತ್ತೆ.

ಅಫಿಡವಿಟ್ ಎರಡು ಸಲ ಓದಿ ನನಗೆ ಒಂದೇ ಪ್ರಶ್ನೆ ಕೇಳಿದರು: "ಆ ಕೋಣೆಯಲ್ಲಿ ಅಡಿವೆಪ್ಪ ಕನ್ನಡದಲ್ಲೂ ಮಾತಾಡಿದನೇ?"

ನನಗೆ ಗೊತ್ತಿಲ್ಲ ಎಂದೆ. "ನಿನ್ನ ತಂದೆಗೆ ಗೊತ್ತಿರುತ್ತದೆ" ಎಂದರು.

ಹೊರಗಿನ ಕಾಗದಕ್ಕೆ ಇಲ್ಲಿ ಬೆಲೆಯಿಲ್ಲ. ದುಭಾಷಿಯೇ ಬಂದು ಪ್ರಮಾಣ ಮಾಡಬೇಕು. ಬಂದರೆ ನಿಮ್ಮನ್ನು ಸುಳ್ಳು ಭಾಷಾಂತರದ ಆರೋಪದ ಮೇಲೆ ಅಲ್ಲಿಯೇ ಹಿಡಿಯಬಹುದು. ಹಮ್ಝ ಭಾಯಿಗೆ ತೊಂದರೆಯಾಗಬಹುದು, ಆಗದಿರಲೂಬಹುದು. ಇದನ್ನು ಬರೆಯುವುದೋ ಬೇಡವೋ ಎಂದು ಒದ್ದಾಡುತ್ತಿದ್ದೆ. ಮೇಡಂ ಹೇಳಿದರು: "ಎಲ್ಲವನ್ನೂ ಬರೆ. ಅಪಾಯವನ್ನು ಮುಚ್ಚಿಟ್ಟು ಅವರನ್ನು ಕರೆಸಿದರೆ, ಅದೂ ಹೊಡೆದು ಪಡೆದ ಹೇಳಿಕೆಯ ಹಾಗೆಯೇ."

ಬರೆದಿದ್ದೇನೆ. ಬರುವುದಾದರೆ ವಿಸಿಟ್ ವೀಸಾ ನಬೀಲ್ ಮಾಡಿಸುತ್ತಾರೆ. ಬಾರದಿದ್ದರೂ ನೀವು ನನ್ನ ಅಬ್ಬಾ. ಅದನ್ನು ಬರೆಯಲು ನನಗೆ ಇಷ್ಟು ದಿನ ಬೇಕಾಯಿತು.

ನಿಮ್ಮ
ಶಾಝಿ

•

ಭಟ್ಕಳ
31 ಮೇ 2013

ಮಗಳು ಶಾಝಿಗೆ,

ನಿನ್ನ ಮೇಡಂ ಕೇಳಿದ್ದಕ್ಕೆ ಉತ್ತರ: ಹೌದು. ಕನ್ನಡದಲ್ಲೇ ಮೊದಲು ಹೇಳಿದ.

ನೀನು ಚಿಕ್ಕವಳಿದ್ದಾಗ ನನ್ನ ತೊಡೆಯ ಮೇಲೆ ಕೂತು ರಾಕ್ಷಸನ ಕಥೆ ಕೇಳುತ್ತಿದ್ದೆ. ರಾಕ್ಷಸ ಬರುವ ಮುಂಚೆ ನಾನು ಇಲ್ಲದ ಕಾಡು, ಇಲ್ಲದ ಹೊಳೆ ಎಲ್ಲ ಸೇರಿಸಿ ಬೆಳೆಸುತ್ತಿದ್ದೆ. ಈ ಕಥೆಯಲ್ಲಿ ಕಾಡೂ ಇಲ್ಲ, ಹೊಳೆಯೂ ಇಲ್ಲ. ನೇರ ಹೇಳುತ್ತೇನೆ.

ಸಂಜೆಯ ಅಸರ್ ನಮಾಜಿನ ಹೊತ್ತಿಗೆ ನನ್ನನ್ನು ಕರೆದೊಯ್ದರು. ಯಾವ ಠಾಣೆಯೆಂದು ಕಾಗದದಲ್ಲಿ ಬೇಡ. ಕಿಟಕಿಯಿಲ್ಲದ ಕೋಣೆ, ಏಸಿ ಜೋರಾಗಿತ್ತು. ಅವನನ್ನು ಕುರ್ಚಿಗೆ ಕಟ್ಟಿದ್ದರು, ಅಂಗಾಲು ಎದುರಿನ ಸ್ಟೂಲಿನ ಮೇಲೆ. ಇಬ್ಬರಿದ್ದರು. ಒಬ್ಬನ ಕೈಯಲ್ಲಿ ದಪ್ಪ ಕೇಬಲ್ಲು. ಇನ್ನೊಬ್ಬ ಅಧಿಕಾರಿ, ಅವನಿಗೆ ತುಂಡು ತುಂಡು ಹಿಂದಿ ಬರುತ್ತಿತ್ತು. ಅಂಗಾಲಿನ ಚರ್ಮ ಸುಲಿದು ಹಾಳೆಯ ಹಾಗೆ ಜೋತಿತ್ತು. ಬಾಯಿಂದ ರಕ್ತ ಸೋರುತ್ತಿತ್ತು, ಹಲ್ಲು ನೆಲದ ಮೇಲೇ ಬಿದ್ದಿದ್ದವು. ನಾನು ಬರುವಾಗ ಒಂದರ ಮೇಲೆ ಕಾಲಿಟ್ಟೆ. ಕಲ್ಲು ಅಂದುಕೊಂಡೆ.

ನನ್ನ ಮುಖ ನೋಡಿ ಏನು ತಿಳಿದನೋ, ಕನ್ನಡದಲ್ಲಿ ಶುರುಮಾಡಿದ. "ಸಾಹೇಬ್ರ, ನೀವರ ಕೇಳ್ರಿ. ಕಾಂಕ್ರೀಟ್ ಇನ್ನ ಹಸಿ ಐತಿ, ಪ್ಲೈ ಬಿಚ್ಚಬ್ಯಾಡ್ರಿ, ಕೆಳಗ ಮಂದಿ ಅದಾರ ಅಂದೆ. ಫೋರ್‌ಮನ್ನು ಸಿಟ್ಟಿಗೆದ್ದು ಸರಳಿಲೆ ಬಡದ್ರು. ಸರಳ ಕಸಗೊಳ್ಳಾಕ ಹೋದೆ. ಅವ್ರು ಹಿಂದ ಸರದು ಬಿದ್ರು. ನಾ ಹೊಟ್ಟಿಮ್ಯಾಲ ಬಿದ್ದು ಕೈ ಹಿಡದೆ. ಹಿಡದ ಹಿಡದೆ. ಬೆವರಿಗೆ ಜಾರ್ತು. ಕೈ ಬಿಟ್ಟೆ."

ಅಷ್ಟು ಸ್ಪಷ್ಟ. ನೀನು ನನ್ನ ಮುಂದೆ ಕೂತು ಹೇಳಿದಷ್ಟು ಸ್ಪಷ್ಟ.

ಅಧಿಕಾರಿ ಮೇಜು ಗುದ್ದಿದ. "ಮಾಫಿ ಮಲಬಾರಿ! ಮಲಬಾರಿ ಬೇಡ, ಹಿಂದಿಯಲ್ಲಿ ಹೇಳು!" ಎಂದ. ಅವನಿಗೆ ಅರ್ಥವಾಗದ ಎಲ್ಲ ಭಾಷೆಯೂ ಮಲಬಾರಿ. ಕೇಬಲ್ಲು ಮೇಲೆದ್ದಿತು. ಏಳು ಹೊಡೆತ. ಎಣಿಸುವುದು ಬೇಡವೆಂದರೂ ಎಣಿಸಿದೆ. ಮೂರನೆಯದಕ್ಕೆ ಅವನ ಕೂಗು ನಿಂತು ಬರೀ ಗಾಳಿ ಬಂತು. ಏಳನೆಯದರ ನಂತರ "ಹಾಥ್ ಛೋಡ್ ದಿಯಾ ಸಾಬ್, ಹಾಥ್ ಛೋಡ್ ದಿಯಾ" ಎಂದ. ಅಧಿಕಾರಿಯ ಮುಖ ಅರಳಿತು. ಅವನಿಗೆ ಗೊತ್ತಿದ್ದ ಹಿಂದಿಯಲ್ಲಿ ಆ ಮಾತಿತ್ತು. "ಹೊಡೆದೆ ಅಂದ, ಅಲ್ಲವೇ?" ಎಂದು ನನ್ನತ್ತ ತಿರುಗಿದ.

ಅಲ್ಲ ಎನ್ನಲು ನನಗೆ ಒಂದು ಶಬ್ದ ಸಾಕಿತ್ತು. ಆ ಮನುಷ್ಯನ ಕನ್ನಡ ಅರ್ಥವಾಗಿದ್ದು ಆ ಕೋಣೆಯಲ್ಲಿ ನನಗೊಬ್ಬನಿಗೇ. ಅಲ್ಲ ಎಂದರೆ ಎಂಟನೆಯ ಹೊಡೆತ ಬೀಳುತ್ತದೆ ಎಂದು ತಿಳಿದೆ. ಅವನಿಗೋ ನನಗೋ, ಅದು ಆ ಕ್ಷಣಕ್ಕೆ ತಿಳಿಯಲಿಲ್ಲ. ಅರಬ್ಬಿಯಲ್ಲಿ ಝರಬ್ತುಹು ಎಂದು ಬರೆದೆ, ಅಂದರೆ: ಅವನಿಗೆ ಹೊಡೆದೆ. ಕೆಳಗೆ ಸಹಿ ಹಾಕಿದೆ. ಅವನ ಹೆಬ್ಬೆರಳಿಗೆ ಶಾಯಿ ಹಚ್ಚಲು ಕೈ ಬಿಚ್ಚಿದರು. ಉಗುರಿಲ್ಲದ ಬೆರಳು ಬಿಟ್ಟು ಹೆಬ್ಬೆರಳು ಒತ್ತಿಸಿದ್ದು ನಾನೇ.

ಇನ್ನು ಹೇಳುವುದನ್ನು ನಿನ್ನ ಅಮ್ಮನಿಗೂ ಅಲ್ಲಾಹನಿಗೂ ಮಾತ್ರ ಹೇಳಬೇಕೆಂದಿದ್ದೆ. ಹೊಡೆತ ನಿಂತಿತಲ್ಲ, ಅದು ನನ್ನಿಂದ ನಿಂತಿತು ಎಂದು ಅವನು ತಿಳಿದ. ಬಿಚ್ಚಿದ ಕೈಯಿಂದ ನನ್ನ ಕಾಲು ಮುಟ್ಟಿ "ಉಪಕಾರ ಆತ್ರಿ ಸಾಹೇಬ್ರ, ನೀವು ಬಂದಿದ್ದು ಚಲೋ ಆತು" ಎಂದ. ನಾನು "ಪರವಾಗಿಲ್ಲಪ್ಪ" ಎಂದೆ. ಕನ್ನಡದಲ್ಲಿ ಎಂದೆ, ಶಾಝಿ.

ಅಫಿಡವಿಟ್ಟಿನಲ್ಲಿರುವುದು ಸುಳ್ಳು. ಅದನ್ನು ಹರಿದುಹಾಕು.

ಅಬ್ಬಾ

•

ಮಂಗಳೂರು ವಿಮಾನ ನಿಲ್ದಾಣ
8 ಜೂನ್ 2013

ಶಾಝಿ,

ನಬೀಲ್ ಕಳಿಸಿದ ವೀಸಾ ಬಂತು. ಇದನ್ನು ಓದುವ ಮೊದಲೇ ನಾನು ನಿನ್ನ ಬಾಗಿಲಲ್ಲಿರುತ್ತೇನೆ, ಆದರೂ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲಾರೆ.

ನಿನ್ನ ಅಮ್ಮನಿಗೆ ಎಲ್ಲ ಹೇಳಿದೆ. ರುಕಿಯ್ಯ ಕೂಗಾಡಲಿಲ್ಲ. ಎಂದಿನಂತೆ ಒಂದೇ ದೊಡ್ಡ ತಟ್ಟೆಯೆದುರು ಇಬ್ಬರೂ ಉಣ್ಣಲು ಕೂತಿದ್ದೆವು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. "ನೀವು ಹೋಗಿ ಹೇಳಿ ಬನ್ನಿ. ಅಲ್ಲಿವರೆಗೆ ನನಗೆ ಬೇರೆ ತಟ್ಟೆ" ಎಂದಳು. ಮೂವತ್ತೈದು ವರ್ಷದಲ್ಲಿ ಮೊದಲ ಸಲ ನಮ್ಮ ಮನೆಯಲ್ಲಿ ಎರಡು ತಟ್ಟೆ ಇಟ್ಟೆವು. ಹೊರಡುವಾಗ ಚೀಲಕ್ಕೆ ಸ್ವೆಟರ್ ಹಾಕಿಕೊಟ್ಟಳು. ಜೂನ್ ತಿಂಗಳಲ್ಲಿ ಅಬುಧಾಬಿಗೆ ಸ್ವೆಟರ್ ಯಾಕೆ ಎಂದೆ. "ಆ ಕೋಣೆಗಳಲ್ಲಿ ಏಸಿ ಜೋರು ಅಂದಿರಲ್ಲ" ಎಂದಳು.

ಹಮ್ಝ ಫೋನಿನಲ್ಲಿ ಅತ್ತ.

ಅಬ್ಬಾ

•

ಅಬುಧಾಬಿ
4 ಜುಲೈ 2013

ಪ್ರೀತಿಯ ಅಬ್ಬಾ,

ವಕೀಲರು ನಾಳೆ ಜೈಲಿನಲ್ಲಿ ನಿಮ್ಮನ್ನು ನೋಡಲು ಬರುವಾಗ ಇದನ್ನು ಓದಿ ಹೇಳಲಾರರು, ಅವರಿಗೆ ಕನ್ನಡ ಬಾರದು. ಕಾಗದವನ್ನೇ ನಿಮ್ಮ ಕೈಗೆ ಕೊಡಲು ಅನುಮತಿ ಸಿಕ್ಕಿದೆ. ನಿಮ್ಮ ಬಿಪಿ ಮಾತ್ರೆ ಕಳಿಸಿದ್ದು ಹಮ್ಝ ಭಾಯಿ. ನನ್ನ ಫೋನ್ ಇನ್ನೂ ಎತ್ತುವುದಿಲ್ಲ. ಆದರೆ ಮಾತ್ರೆ ಹಿಡಿದು ದುಬೈನಿಂದ ಬಸ್ಸಿನಲ್ಲಿ ಬಂದಿದ್ದ. ಅವನ ಅಂಗಡಿಗೆ ಇಬ್ಬರು ಬಂದು ಎರಡು ಗಂಟೆ ಪ್ರಶ್ನೆ ಕೇಳಿ ಹೋಗಿದ್ದಾರೆ. ಈವರೆಗೆ ಅಷ್ಟೇ. ನಿಮ್ಮ ಮೇಲಿನ ಕೇಸು ಈದ್ ಕಳೆದ ಮೇಲೆ. ಆರು ತಿಂಗಳಾಗಬಹುದು, ಹೆಚ್ಚೂ ಆಗಬಹುದು ಎನ್ನುತ್ತಾರೆ ವಕೀಲರು. ಸುಳ್ಳು ಸಮಾಧಾನ ಹೇಳುವುದಿಲ್ಲ.

ಮೊರಾಗ್ ಮೇಡಂ ಅವರ ವೀಸಾವನ್ನು ಇಲ್ಲಿನ ಸರ್ಕಾರ ಮುಂದುವರಿಸಿಲ್ಲ. ಎರಡು ವಾರದಲ್ಲಿ ದೇಶ ಬಿಡಬೇಕು. ಪೆಟ್ಟಿಗೆ ಕಟ್ಟುತ್ತ ಕೂತಿದ್ದಾರೆ. ಮಧ್ಯೆ ಮಧ್ಯೆ ಎದ್ದು ನಿಮ್ಮ ಕೇಸಿಗೆ ಎಡಗೈಯಲ್ಲಿ ಟಿಪ್ಪಣಿ ಬರೆಯುತ್ತಾರೆ. "ಅಲ್ಲಿಂದಲೂ ಬರೆದು ಕಳಿಸುತ್ತೇನೆ. ಕೋರ್ಟಿನಲ್ಲಿ ಮಾತಾಡುವ ಅಧಿಕಾರ ಇಲ್ಲಿಯೂ ಇರಲಿಲ್ಲವಲ್ಲ" ಎನ್ನುತ್ತಾರೆ.

ಮೊನ್ನೆ ತೀರ್ಪು ಬಂತು. ಗುಂಡಿನ ಶಿಕ್ಷೆ ರದ್ದು. ಆ ಕಾಗದವನ್ನು ನ್ಯಾಯಾಧೀಶರು ಕಡತದಿಂದ ತೆಗೆಸಿದರು. ಜಗಳದಲ್ಲಿ ಸಾವಿಗೆ ಕಾರಣನಾದದ್ದಕ್ಕೆ ಎರಡು ವರ್ಷ. ಅದರಲ್ಲಿ ಹದಿನೇಳು ತಿಂಗಳು ಆಗಲೇ ಕಳೆದಿದೆ. ಆಮೇಲೆ ಊರಿಗೆ. ಅವನ ಹೆಂಡತಿ ನೀಲವ್ವನಿಗೆ ನಾನೇ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡಳು. ಆಮೇಲೆ "ಹಲ್ಲಿಲ್ಲದ ಹೆಂಗ ರೊಟ್ಟಿ ತಿನ್ನಾಕತ್ತಾನ್ರಿ?" ಎಂದು ಕೇಳಿದಳು.

ವಿಚಾರಣೆಯ ದಿನ ನೀವು ನ್ಯಾಯಾಧೀಶರ ಕಡೆ ಮುಖ ಮಾಡಿ ನಿಂತಿದ್ದಿರಿ. ಬೆನ್ನ ಹಿಂದೆ ಆದದ್ದು ನಿಮಗೆ ಕಂಡಿಲ್ಲ. ಅದಕ್ಕಾಗಿಯೇ ಈ ಕಾಗದ.

"ಅವನ ಕನ್ನಡ ನಿನಗೆ ಅರ್ಥವಾಗಿತ್ತೇ?" ಎಂದು ನ್ಯಾಯಾಧೀಶರು ಕೇಳಿದರು. "ಅರ್ಥವಾಗಿತ್ತು" ಎಂದಿರಿ. "ಮತ್ತೆ ಯಾಕೆ ಬರೆದೆ?" ಎಂದರು. ನೀವು ಅರಬ್ಬಿಯಲ್ಲಿ ಉತ್ತರ ಶುರುಮಾಡಿದಿರಿ, ಕೇಬಲ್ಲು, ಸ್ಟೂಲು, ಏಳು ಹೊಡೆತ. ಸರ್ಕಾರಿ ವಕೀಲರು ಎದ್ದು ಕೂಗಿದರು, ನೀವು ನಿಲ್ಲಿಸಲಿಲ್ಲ. ಹೊಡೆದವರ ಹೆಸರನ್ನೂ ಹೇಳಿದಿರಿ. ಆಮೇಲೆ ಅವನು ಅಂದ ಮಾತು ಯಾವುದು ಎಂದಾಗ, ಕನ್ನಡದಲ್ಲಿ ಮೊದಲಿನಿಂದ ಕೊನೆಯವರೆಗೆ, ಬಾಗಲಕೋಟೆಯ ಅದೇ ರಾಗದಲ್ಲಿ ಹೇಳಿದಿರಿ. ನಿಮ್ಮ ಬಾಯಲ್ಲಿ ಆ ರಾಗ ನಾನು ಎಂದೂ ಕೇಳಿರಲಿಲ್ಲ. ಕಂಬಿಯ ಹಿಂದೆ ಅಡಿವೆಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನೆಲಕ್ಕೆ ಕುಸಿದ. ಕಾವಲಿನವನು ತೋಳು ಹಿಡಿದು ಎತ್ತಲು ಹೋದ, ಎತ್ತಲಾಗಲಿಲ್ಲ. ಅವನೂ ಪಕ್ಕದಲ್ಲೇ ಕೂತುಬಿಟ್ಟ.

ನಿಮ್ಮನ್ನು ಹಿಂದಿನ ಬಾಗಿಲಿನಿಂದ ಕರೆದೊಯ್ದ ಮೇಲೆ ಹೊರಗಿನ ಹಾದಿಯಲ್ಲಿ ಅವನನ್ನು ಐದು ನಿಮಿಷ ನಿಲ್ಲಿಸಿದ್ದರು, ಬೇಡಿ ಹಾಕಿ. ಕಪ್ಪು ಸೀರೆಯ ಹೆಂಗಸೊಬ್ಬರು ನೇರ ಅವನೆದುರು ಬಂದು ನಿಂತರು. ಎಮಿಲಿಯಾ. ಅವನ ಶಿಕ್ಷೆ ಖಾಯಂ ಆಗುವುದನ್ನು ನೋಡಲೆಂದೇ ಉಡುಪಿಯಿಂದ ಬಂದವರು, ಒಳಗೆ ಕೂತು ನಿಮ್ಮ ಕನ್ನಡವನ್ನೆಲ್ಲ ಕೇಳಿದ್ದರು. ಅವರ ಕೈ ಮೇಲೆ ಬಂತು. ಕಪಾಳಕ್ಕೆ ಹೊಡೆದರು. ಎರಡನೆಯದು ಇನ್ನೂ ಜೋರಾಗಿ, ಅವನ ತುಟಿ ಒಡೆಯಿತು. ಕಾವಲಿನವರು ಅಡ್ಡ ಬರುವುದರಲ್ಲಿದ್ದರು, ಮೇಡಂ ತಮ್ಮ ಕೋಲು ಅಡ್ಡ ಹಿಡಿದು ಅವರನ್ನು ತಡೆದರು. ಅಡಿವೆಪ್ಪ ಮುಖ ತಿರುಗಿಸಲಿಲ್ಲ.

ಮೂರನೆಯ ಸಲ ಎತ್ತಿದ ಕೈ ಅಲ್ಲೇ ನಿಂತಿತು. ಅವರು ಕೇಳಿದರು:

"ಎಷ್ಟು ಹೊತ್ತು ಹಿಡ್ಕೊಂಡಿದ್ರಿ ನೀವು?"

ಅವನು ರಕ್ತ ನುಂಗಿಕೊಂಡು ಯೋಚಿಸಿದ. ಸುಳ್ಳು ಹೇಳಬಾರದೆಂದು ಲೆಕ್ಕ ಹಾಕುವವನ ಹಾಗೆ.

"ಗಳಿಗಿ ಗೊತ್ತಿಲ್ರಿ ಅವ್ವಾರ. ಅವ್ರು ನಿಮ್ಮ ಹೆಸರು ಎರಡ ಸಲ ಕರದ್ರು. ಅಷ್ಟೊತ್ತು."

ಅಬ್ಬಾ, ಒಂದೂವರೆ ವರ್ಷದಿಂದ ಅವರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಆ ಕಾಗದದಲ್ಲಿ ಕಜೆತಾನ್ ಹೊಡೆತ ತಿಂದು ಬಿದ್ದವರು, ಅಷ್ಟೇ. ಅಲ್ಲಿ ಅವರಿಗೆ ಬಾಯಿರಲಿಲ್ಲ.

ಎಮಿಲಿಯಾ ಗೋಡೆಗೆ ಒರಗಿದರು. ಬೇಡಿ ಹಾಕಿದ ಅವನ ಕೈಯನ್ನೇ ನೋಡಿದರು, ಉಗುರಿಲ್ಲದ ಆ ಎರಡು ಬೆರಳನ್ನು. ಆಮೇಲೆ ನಮ್ಮ ಕಡೆಯ ಹೆಂಗಸರು ಮನೆಗೆ ಬಂದವರನ್ನು ವಿಚಾರಿಸುವ ದನಿಯಲ್ಲಿ ಹೇಳಿದರು:

"ಅವರು ತುಂಬಾ ಭಾರ ಇದ್ರು. ನಿಮ್ಮ ಕೈ ನೋವಾಗಿರ್ಬೇಕು."

ನಿಮ್ಮ ಮಗಳು
ಶಾಝಿಯಾ